ಬಸರು ಯಾಕ ನಿಲ್ಲವಲ್ದು ಅಂತ ಕೇಳಿದವರ ಕಥಿ

ಅಕ್ಕಾರ, ತಂಗ್ಯಾರ, ನಮ್ಮ ಅಬಲೂರು ಅಂದಕೂಡ್ಲೆ ಹೊರಗಿನ ಮಂದಿಗೆ ಇಬ್ಬರು ನೆನಪಾಗ್ತಾರ. ಒಬ್ಬ ಏಕಾಂತದ ರಾಮಯ್ಯ, ಅವನ ಶಾಸನ ಸೋಮೇಶ್ವರ ಗುಡ್ಯಾಗ ಐತಿ. ಇನ್ನೊಬ್ಬ ಸರ್ವಜ್ಞ. ಸರ್ವಜ್ಞ ಹುಟ್ಟಿದ ಕಥಿ ನಿಮಗೆಲ್ಲಾ ಗೊತ್ತೈತಿ. ಮಾಸೂರಿನ ಬಸವರಸಗ ಮಕ್ಕಳಿರಲಿಲ್ಲ. ಸಂತಾನ ಬೇಡಾಕ ಕಾಶಿಗೆ ಹೋದ. ತಿರುಗಿ ಬರೂವಾಗ ಅಬಲೂರಾಗ ಕುಂಬಾರ ಮಾಳಿ ಮನ್ಯಾಗ ಉಳಕೊಂಡ, ಆಕಿ ಹೊಟ್ಟಿಲೆ ಸರ್ವಜ್ಞ ಹುಟ್ಟಿದ ಅಂತ ಕಥಿ. ಆದ್ರ ಮಾಸೂರಾಗ ಉಳಿದ ಹೆಂಡತಿ ಮಲ್ಲಮ್ಮನ ಬಗ್ಗೆ ಕಥಿ ಏನೂ ಹೇಳೂದಿಲ್ಲ. ಆಕಿಗೆ ಬಸರು ಆಗಲೇ ಇಲ್ಲೋ, ಆದದ್ದು ನಿಲ್ಲಲಿಲ್ಲೋ, ಕೇಳಿದವರು ಯಾರೂ ಇಲ್ಲ.

ಕೇಳದೇ ಇರೂದು ನಮ್ಮ ಕಡೆ ಬಹಳ ಹಳೇ ರೂಢಿ. ಈ ಸಂಕಟಕ್ಕ ನಮ್ಮ ಮನಿಮಾತಿನ್ಯಾಗ ನೆಟ್ಟಗ ಒಂದು ಹೆಸರೂ ಇಲ್ಲ. 'ಇಳೀತಂತ', 'ಹೋತಂತ', 'ಆಕಿಗೆ ನಿಲ್ಲವಲ್ದಂತ' ಅಂತ ಪಿಸುಮಾತಿನ್ಯಾಗ ಮುಗಸ್ತೀವಿ. ಅಜ್ಜ್ಯಾರ ಕಾಲದಾಗ ಸೂಲಗಿತ್ತಿ ಹೆರಿಗಿ ಮಾಡಸೂದ್ರಾಗ ಗಟ್ಟಿ ಇದ್ದಳು, ಖರೆ. ಆದ್ರ ಮೂರು ತಿಂಗಳಿಗೋ ಐದು ತಿಂಗಳಿಗೋ ಪದೇಪದೇ ಕಳಕೊಳ್ಳೋ ಹೆಣಮಗಳಿಗೆ ಆಕಿ ಹತ್ರ ಕಷಾಯ, ಹರಕಿ, ತಾಯತ ಬಿಟ್ಟು ಬ್ಯಾರೆ ಏನಿತ್ತು? ಭಾರ ಎತ್ತಬ್ಯಾಡ, ಹುಣಸಿ ಗಿಡದ ಕೆಳಗ ಹಾಯಬ್ಯಾಡ ಅಂತ ಹೇಳೂರು. ಅಷ್ಟು ಮಾಡಿಯೂ ಹೋತಂದ್ರ ತಪ್ಪು ಆಕೀದೇ. ಎರಡು ಮೂರು ಸಲ ಹಂಗಾತಂದ್ರ ಮನ್ಯಾಗ ಸವತಿ ತರೂ ಮಾತು ಶುರು.

ನಮ್ಮ ಸೀಮಿ ಆವಾಗ ಧಾರವಾಡ ಜಿಲ್ಲಾದಾಗ, ಮುಂಬೈ ಪ್ರಾಂತದಾಗ ಇತ್ತು. ಹಿಂದೂ ಗಂಡಸು ಹೆಂಡತಿ ಇರೂವಾಗ ಇನ್ನೊಂದು ಮದಿವಿ ಆಗಬಾರದು ಅಂತ ಮುಂಬೈ ಸರ್ಕಾರ 1946ರಾಗ ಕಾಯ್ದೆ ಮಾಡ್ತು. 1955ರಾಗ ಹಿಂದೂ ವಿವಾಹ ಕಾಯ್ದೆ ಬಂತು. ಸವತಿ ತರೂದಕ್ಕ ಕಾಯ್ದೆ ಅಡ್ಡ ಬಂದರೂ ಬಸರು ಯಾಕ ನಿಲ್ಲವಲ್ದು ಅನ್ನೂ ಪ್ರಶ್ನೆ ಹಂಗೇ ಉಳೀತು. ಅದನ್ನ ದವಾಖಾನ್ಯಾಗ ಕೇಳೂರು ಬೇಕಿತ್ತು.

ದವಾಖಾನಿಗೆ ಹೋಗೂದಾದ್ರೂ ಹೆಂಗ? ಗಂಡಸು ಡಾಕ್ಟರಿಗೆ ತೋರಸೂದು ಅಂದ್ರ ನಾಚಿಕಿ. ಕಲ್ಯಾಣದ ಆನಂದಿಬಾಯಿ ಜೋಶಿ ಕಥಿ ಕೇಳ್ರಿ. 14 ವರ್ಷದ ಹುಡುಗಿ ಹಡದಳು, ಕೂಸು 10 ದಿನಕ್ಕ ತೀರಿಕೊಂಡ್ತು. ಹೆಣಮಕ್ಕಳಿಗೆ ಹೆಣಮಗಳೇ ಡಾಕ್ಟರ್ ಆಗಬೇಕು ಅಂತ ಅಮೆರಿಕಾಕ್ಕ ಹೋಗಿ 1886ರಾಗ ಡಾಕ್ಟರ್ ಆದಳು. ಮರುವರ್ಷ, 22 ತುಂಬೂಕಿಂತ ಮೊದಲ, ಆಕೀನೂ ಹೋದಳು. ಹೆಣಮಕ್ಕಳ ದವಾಖಾನಿ ತೆಗಿಯಾಕ, ಹೆಣಮಕ್ಕಳನ್ನ ಡಾಕ್ಟರ್ ಓದಸಾಕ 1885ರಾಗ ಡಫರಿನ್ ಫಂಡ್ ಶುರು ಆಗಿತ್ತು. ಅದರ ಫಲ ಹಳ್ಳಿಗೆ ಮುಟ್ಟಾಕ ಬಹಳ ವರ್ಷ ಹಿಡೀತು.

ಈಗ ಮುಖ್ಯ ಕಥಿಗೆ ಬರ್ತೀನಿ. 1899ರಾಗ ಗೋವಾದಾಗ ಹುಟ್ಟಿದ ಡಾ. ವಿಠ್ಠಲ ನಾಗೇಶ ಶಿರೋಡ್ಕರ್ ಮುಂಬೈ ಗ್ರಾಂಟ್ ಮೆಡಿಕಲ್ ಕಾಲೇಜಿನ್ಯಾಗ ಓದಿ, ಅಲ್ಲೇ ಪ್ರೊಫೆಸರ್ ಆದವರು. ಅವರ ಕಡೆ ಬರೂ ಕೆಲವು ಹೆಣಮಕ್ಕಳಿಗೆ ಪ್ರತಿ ಸಲಾನೂ ನಾಕನೇ ತಿಂಗಳಿಂದ ಏಳನೇ ತಿಂಗಳೊಳಗ ಬಸರು ಇಳೀತಿತ್ತು. ಹಾಸಿಗ್ಯಾಗ ಮಲಗಿಸಿದ್ರೂ, ಹಾರ್ಮೋನ್ ಔಷಧ ಕೊಟ್ರೂ ನಿಲ್ಲತಿರಲಿಲ್ಲ. ಬ್ಯಾರೆಯವರು ಹಣೆಬರಹ ಅಂದು ಬಿಟ್ಟದ್ದನ್ನ ಶಿರೋಡ್ಕರ್ ಬಿಡಲಿಲ್ಲ. ಒಳಗಿನ ಕೂಸಿಗೆ ಏನೂ ದೋಷ ಇಲ್ಲ, ಗರ್ಭಕೋಶದ ಬಾಯಿ ಸಡಿಲ ಆಗಿ, ಭಾರ ತಾಳದ ತಾನಾಗೇ ತೆರಕೋತೈತಿ ಅಂತ ಕಂಡುಕೊಂಡ್ರು.

ನಮ್ಮ ಅಜ್ಜ್ಯಾರ ಎಲಿ-ಅಡಕಿ ಸಂಚಿ ನೆನಪು ಮಾಡ್ಕೊಳ್ರಿ. ಬಾಯಿಗೆ ಲಾಡಿ ಬಿಗಿದ್ರ ಒಳಗಿನ ಅಡಕಿ ಬೀಳೂದಿಲ್ಲ. ಅವರು ಮಾಡಿದ್ದೂ ಹಂಗೇ. ಆಕಿ ತೊಡಿಯೊಳಗಿನ ಗಟ್ಟಿ ಪರದಿಯಿಂದ ಒಂದು ಸಣ್ಣ ಪಟ್ಟಿ ತಗೊಂಡು ಗರ್ಭಕೋಶದ ಬಾಯಿ ಸುತ್ತ ಬಿಗಿದು ಹೊಲಿಗಿ ಹಾಕಿದ್ರು. 1955ರಾಗ ಇದನ್ನ ಮದ್ರಾಸಿನ 'ದಿ ಆಂಟಿಸೆಪ್ಟಿಕ್' ಅನ್ನೂ ವೈದ್ಯರ ಪತ್ರಿಕಾದಾಗ ಬರದ್ರು. ನೋಡ್ರಿ, ಹಿಂದೂ ವಿವಾಹ ಕಾಯ್ದೆ ಬಂದದ್ದೂ ಅದೇ ವರ್ಷ. ಎರಡು ವರ್ಷಕ್ಕ ಆಸ್ಟ್ರೇಲಿಯಾದ ಮ್ಯಾಕ್‌ಡೊನಾಲ್ಡ್ ಅನ್ನೂ ಡಾಕ್ಟರು ಇದಕ್ಕಿಂತ ಸರಳ ಹೊಲಿಗಿ ತೋರಿಸಿದ್ರು. ಶಿರೋಡ್ಕರ್ ಹೊಲಿಗಿ ಅಂದ್ರ ಇವತ್ತಿಗೂ ಜಗತ್ತಿನ ಹೆರಿಗಿ ಡಾಕ್ಟರಿಗೆಲ್ಲಾ ಗೊತ್ತು.

ನಮ್ಮ ಮನಿತನದಾಗೂ ಇದು ಬಂತು. ನನ್ನ ನೆಗೆಣ್ಣಿಗೆ ಎರಡು ಸಲ ಐದನೇ ತಿಂಗಳಾಗ ಹೋತು. ಎರಡು ಸಲಾನೂ ದವಾಖಾನ್ಯಾಗ ಸ್ವಚ್ಛ ಮಾಡಿ ಮನಿಗೆ ಕಳಿಸಿದ್ರ ಹೊರತು ಕಾರಣ ಹೇಳಲಿಲ್ಲ. ಓಣ್ಯಾಗ ಕುಬಸ ಇದ್ರ ಆಕೀನ ಕರಿಯೂದು ಬಿಟ್ರು. ಆಕಿ ಅಂಗಳಕ್ಕ ಬರೂದೂ ಬಿಟ್ಟಳು. ಮೂರನೇ ಸಲ ಬ್ಯಾರೆ ಊರಿನ ಒಬ್ಬ ಡಾಕ್ಟರಮ್ಮ, 'ಮೊದಲ ನೋವು ಬಂತೇನವಾ, ಇಲ್ಲಾ ನೋವಿಲ್ಲದೇ ನೀರು ಹೋತೋ?' ಅಂತ ಕೇಳಿದ್ರಂತ. ಅಷ್ಟು ವರ್ಷದಾಗ ಆ ಮಾತು ಕೇಳಿದವರು ಅವರೊಬ್ಬರೇ. ಮೂರು ತಿಂಗಳು ಮುಗಿದ ಮ್ಯಾಲೆ ಹೊಲಿಗಿ ಹಾಕಿದ್ರು, ಒಂಬತ್ತನೇ ತಿಂಗಳಾಗ ಬಿಚ್ಚಿದ್ರು. ಆ ಕೂಸು ಈಗ ಟ್ರ್ಯಾಕ್ಟರ್ ಹೊಡೀತಾನ.

ಆದ್ರ ಹೊಲಿಗಿ ಎಲ್ಲಾರಿಗೂ ಅಲ್ಲ. ಮೊದಲ ಮೂರು ತಿಂಗಳಾಗ ಹೋಗೂ ಬಸರಿನ ಕಥಿ ಬ್ಯಾರೆ. ಮನಷ್ಯಾಗ 46 ಕ್ರೋಮೋಸೋಮ್ ಅದಾವ ಅಂತ ಗೊತ್ತಾದದ್ದೇ 1956ರಾಗ. ಆಮ್ಯಾಲೆ ತಿಳೀತು: ಮೊದಲ ತಿಂಗಳುಗಳಾಗ ಇಳಿಯೂ ಬಸರಿನ್ಯಾಗ ಸುಮಾರು ಅರ್ಧಕ್ಕ ಕಾರಣ, ಕೂಸು ಮೂಡೂವಾಗ್ಲೇ ಈ ಎಣಿಕಿ ತಪ್ಪಿರೂದು. ಕೊಡ ಹೊತ್ತದ್ದಕ್ಕಲ್ಲ, ಹುಣಸಿ ಗಿಡದ ಕೆಳಗ ಹಾದದ್ದಕ್ಕಲ್ಲ. 1983ರಾಗ ಲಂಡನ್ನಿನ ಡಾ. ಗ್ರಹಾಂ ಹ್ಯೂಸ್ ರಕ್ತ ಹೆಪ್ಪುಗಟ್ಟಿಸೂ ಒಂದು ರೋಗ ಗುರುತಿಸಿದ್ರು. ಇದ್ರಾಗ ಕೂಸಿಗೆ ರಕ್ತ ಸರಿಯಾಗಿ ಮುಟ್ಟೂದಿಲ್ಲ. 1997ರಾಗ ಅಲ್ಲೇ ಇಂಥಾ 90 ಹೆಣಮಕ್ಕಳಿಗೆ ಔಷಧ ಕೊಟ್ಟು ನೋಡಿದ್ರು. ಬರೇ ಆಸ್ಪಿರಿನ್ ಗುಳಿಗಿ ತಗೊಂಡವರಾಗ ನೂರಕ್ಕ 42 ಮಂದಿಗೆ, ಜೋಡಿ ಹೆಪಾರಿನ್ ಸೂಜೀನೂ ಮಾಡಿಸಿಕೊಂಡವರಾಗ ನೂರಕ್ಕ 71 ಮಂದಿಗೆ ಕೂಸು ಉಳೀತು.

ಯಾವುದೋ ಗುಳಿಗಿ ನುಂಗಿದ್ರಾತು ಅನ್ನೂದೂ ತಪ್ಪು. ಅಮೆರಿಕಾದಾಗ ಬಸರು ನಿಲ್ಲಲಿ ಅಂತ ಡಿಇಎಸ್ ಅನ್ನೂ ಹಾರ್ಮೋನ್ ಗುಳಿಗಿ ವರ್ಷಾನುಗಟ್ಟಲೆ ಕೊಟ್ರು. ಉಪಯೋಗ ಇಲ್ಲ ಅಂತ 1953ರಾಗೇ ತಿಳಿದಿತ್ತು, ಆದ್ರೂ ಕೊಡೂದು ನಿಲ್ಲಲಿಲ್ಲ. 1971ರಾಗ ಆ ತಾಯಂದಿರ ಹೆಣಮಕ್ಕಳಾಗ ಕೆಲವರಿಗೆ ಕ್ಯಾನ್ಸರ್ ಬಂದದ್ದು ಹೊರಗ ಬಿತ್ತು. ಅದಕ್ಕ ನೆರೆಮನ್ಯಾಕಿ ಗುಳಿಗಿ ನೀವು ತಗೋಬ್ಯಾಡ್ರಿ.

ಎಷ್ಟೋ ಮಂದಿಗೆ ತಪಾಸಣಿ ಎಲ್ಲಾ ಮಾಡಿದ್ರೂ ಕಾರಣ ಸಿಗೂದಿಲ್ಲ. ಅಂಥವರಿಗೂ ಆಸೆ ಐತಿ, ಹೆಚ್ಚಿನವರಿಗೆ ಮುಂದ ಕೂಸು ಉಳೀತೈತಿ. ನಾರ್ವೆ ದೇಶದಾಗ 1984ರಾಗ ಒಂದು ವರದಿ ಬಂತು. ಕಾರಣ ಸಿಗದ ಹೆಣಮಕ್ಕಳನ್ನ ಬಸರಿನ್ಯಾಗ ಮ್ಯಾಲಿಂದ ಮ್ಯಾಲೆ ಕರದು, ನೋಡಿ, ಧೈರ್ಯ ಹೇಳಿದ್ರು. ಅವರಾಗ ನೂರಕ್ಕ 86 ಮಂದಿಗೆ ಕೂಸು ಉಳೀತು, ಆ ಆರೈಕಿ ಸಿಗದವರಾಗ 33 ಮಂದಿಗೆ. ಸಣ್ಣ ಗುಂಪು, ಚೀಟಿ ಎತ್ತಿ ಹಂಚಿದ್ದೂ ಅಲ್ಲ. ಅದಕ್ಕ ಆ ಅಂಕಿ ಅಷ್ಟಕ್ಕಷ್ಟೇ ಹಿಡಿಯಾಕ ಬರೂದಿಲ್ಲ. ಆದ್ರ ಜಗತ್ತಿನ ಡಾಕ್ಟರು ಅವತ್ತಿಂದ ಧೈರ್ಯದ ಮಾತನ್ನೂ ಆರೈಕಿ ಅಂತ ಎಣಸ್ತಾರ. ಒಳ್ಳೆ ಮಾತಿಗೆ ರೊಕ್ಕ ಬೀಳೂದಿಲ್ಲ, ಅತ್ತೆಂದಿರೂ ಆಡಬಹುದು.

ಈಗ ನಮ್ಮ ಊರಿನ ಮಾತು. 1957ರಾಗ ಹುಬ್ಬಳ್ಳಿ ಮೆಡಿಕಲ್ ಕಾಲೇಜು, 1965ರಾಗ ದಾವಣಗೆರೆದು ಶುರು ಆದವು. ಹಿರೇಕೆರೂರು, ಹಾವೇರಿ ದವಾಖಾನಿ ಹತ್ರಾನೇ ಅದಾವ. ಮೊದಲೆಲ್ಲಾ ಮೂರು ಸಲ ಹೋದ ಮ್ಯಾಲೆ ತಪಾಸಣಿ ಅಂತಿದ್ರು, ಈಗ ಎರಡು ಸಲ ಆದಕೂಡ್ಲೆ ಮಾಡಿಸ್ರಿ ಅಂತಾರ. ಮುಂದಿನ ಬಸರಿಗೆ ಕಾಯಬ್ಯಾಡ್ರಿ, ಮೊದಲೇ ಹೋಗ್ರಿ. ಗಂಡನ್ನ ಕರಕೊಂಡು ಹೋಗ್ರಿ, ಅವನ ರಕ್ತಾನೂ ನೋಡೂದಿರ್ತೈತಿ. ಥೈರಾಯಿಡ್, ಸಕ್ಕರಿ, ಗರ್ಭಕೋಶದ ಸ್ಕ್ಯಾನಿಂಗ್, ಹೆಪ್ಪುಗಟ್ಟೂ ರೋಗದ ರಕ್ತಪರೀಕ್ಷೆ, ಇವು ಬೇಕೇನು ಅಂತ ಬಾಯಿಬಿಟ್ಟು ಕೇಳ್ರಿ. ಹೆಪ್ಪುಗಟ್ಟೂ ಪರೀಕ್ಷೆ ಒಮ್ಮೆ ದೋಷ ತೋರಿಸಿದ್ರ 12 ವಾರ ಬಿಟ್ಟು ಇನ್ನೊಮ್ಮೆ ಮಾಡ್ತಾರ. ಯಾವ ತಿಂಗಳಾಗ ಹೋತು, ನೋವು ಮೊದಲೋ ನೀರು ಮೊದಲೋ, ಹಾಳ್ಯಾಗ ಬರಕೊಂಡು ಒಯ್ಯಿರಿ. ಹಳೇ ಚೀಟಿ ಒಂದೂ ಒಗಿಬ್ಯಾಡ್ರಿ.

ನೌಕರಿ ಮಾಡೂ ಸೊಸೆಂದಿರಿದ್ರ ಇದೂ ಗೊತ್ತಿರಲಿ: ಹೆರಿಗಿ ಸೌಲಭ್ಯದ ಕಾಯ್ದ್ಯಾಗ ಗರ್ಭಪಾತ ಆದ್ರ ಆರು ವಾರ ಪಗಾರ ಸಹಿತ ರಜಾ ಐತಿ. ಹೊಲಕ್ಕ ಕೂಲಿಗೆ ಹೋಗೂ ಹೆಣಮಗಳಿಗೆ ಅದು ಸಿಗೂದಿಲ್ಲ. ಆಕಿಗೆ ರಜಾ ಕೊಡಬೇಕಾದವರು ಮನಿಯವರೇ. ನಾಕು ದಿನಕ್ಕ ಕುಡಗೋಲು ಕೈಯಾಗ ಕೊಟ್ಟು ಕಳಿಸಬ್ಯಾಡ್ರಿ.

ಮತ್ತ ನಿಮ್ಮ ಮನ್ಯಾಗ ಕುಬಸ ಇದ್ರ ಆಕೀನೂ ಕರೀರಿ. ಬರೂದು ಬಿಡೂದು ಆಕಿ ಮನಸ್ಸು. ಬಂದ್ರ ಎಲ್ಲಾರ ಜೋಡಿ ಆಕಿಗೂ ಉಡಿ ತುಂಬ್ರಿ.