ನೆಲಕ್ಕಿಳಿದ ಗೇರ್ ಲಿವರ್

ಚಾಲುಕ್ಯ ಶೈಲಿಯ ಬನಶಂಕರಿ ಗುಡಿಯ ಅಮರಗೋಳ ಹುಬ್ಬಳ್ಳಿ–ಧಾರವಾಡ ರಸ್ತೆಯ ನಡುವೆ ಬರುವ ಊರು. ಈ ರಸ್ತೆಯಲ್ಲಿ ದಶಕಗಳ ಕಾಲ ಓಡಿದ ಅಂಬಾಸಿಡರ್, ಫಿಯೆಟ್‌ಗಳಲ್ಲಿ ಗೇರ್ ಲಿವರ್ ಇದ್ದದ್ದು ಸ್ಟೇರಿಂಗ್ ಪಕ್ಕದಲ್ಲಿ.

ಅದು ಅಮೆರಿಕದ ಪದ್ಧತಿ. 1930ರ ದಶಕದ ಕೊನೆಗೆ, ಮುಂದಿನ ಸೀಟಿನಲ್ಲಿ ಮೂವರು ಆರಾಮವಾಗಿ ಕೂರಲೆಂದು ಲಿವರನ್ನು ಮೇಲೇರಿಸಿದರು. ಮದುವೆಗೆ ಹೊರಟರೆ ನಮ್ಮವರು ನಾಲ್ವರೂ ಕೂತರೆನ್ನಿ! ಆದರೆ ಲಿವರಿಗೂ ಗೇರ್ ಬಾಕ್ಸಿಗೂ ನಡುವೆ ಸರಳು, ಕೀಲು, ಬುಶ್‌ಗಳ ಸಾಲೇ ಇತ್ತು. ಒಂದೊಂದೂ ಸ್ವಲ್ಪ ಸವೆದರೆ ಕೈಗೆ ಸಿಗುವ ಸಡಿಲ ಬಹಳ. ಕೀಲು ಸಿಕ್ಕಿಕೊಂಡರಂತೂ ನಡುರಸ್ತೆಯಲ್ಲಿ ಕಾರು ನಿಲ್ಲಿಸಿ, ಬಾನೆಟ್ ಎತ್ತಿ, ಕೈಯಿಂದಲೇ ಬಿಡಿಸಬೇಕು. ಹಿಂದೆ ಲಾರಿ ಬರುತ್ತಿದ್ದರೆ ದೇವರೇ ಗತಿ.

ಬೇಸತ್ತ ಕೆಲವು ಫಿಯೆಟ್ ಮಾಲೀಕರು ಗ್ಯಾರೇಜಿನಲ್ಲಿ ಫ್ಲೋರ್ ಶಿಫ್ಟ್ ಕೂಡಿಸಿಕೊಂಡರು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಲ್ಲಿ ಲಿವರ್ ನೆಲದಲ್ಲೇ ಇತ್ತು. 1992ರ ಇಸುಝು ಎಂಜಿನ್ನಿನ ಅಂಬಾಸಿಡರ್ ಕೂಡ ಅದೇ ದಾರಿ ಹಿಡಿಯಿತು.

ಈಗಿನ ಹುಡುಗರಿಗೆ ಗಿಡ್ಡ ಲಿವರಿನ ಮೋಹ. ಕೀಲಿನ ಮೇಲಿನ ಭಾಗ ಕಾಲಂಶ ಗಿಡ್ಡವಾದರೆ ಕೈಯ ಓಡಾಟವೂ ಕಾಲಂಶ ಕಡಿಮೆ. ಆದರೆ ಹಾಕಬೇಕಾದ ಬಲ ಮೂರನೇ ಒಂದರಷ್ಟು ಹೆಚ್ಚು. ಸವೆದ ಬುಶ್ ಹಾಗೇ ಬಿಟ್ಟು ಲಿವರ್ ಮಾತ್ರ ಬದಲಿಸಿದರೆ ಹಳೆಯ ಸಡಿಲ ಹೋಗುವುದಿಲ್ಲ.