ಗ್ರೀಕರ ಸೊಪ್ಪನ್ನ, ನಮ್ಮ ಕಗ್ಗದ ಅಕ್ಕಿ

ಗ್ರೀಸಿನಲ್ಲಿ ‘ಸ್ಪನಕೋರಿಜೋ’ ಅಂತ ಒಂದು ಅಡುಗೆ ಇದೆ. ಹೆಸರು ಕೇಳಿ ಹೆದರಬೇಡಿ. ಸ್ಪನಾಕಿ ಅಂದರೆ ಪಾಲಕ, ರೀಜಿ ಅಂದರೆ ಅಕ್ಕಿ. ಸೊಪ್ಪನ್ನ, ಅಷ್ಟೇ! ಈರುಳ್ಳಿಯನ್ನು ಆಲಿವ್ ಎಣ್ಣೆಯಲ್ಲಿ ಬಾಡಿಸಿ, ಹೆಚ್ಚಿದ ಪಾಲಕ, ಸಬ್ಬಸಿಗೆ, ಅಕ್ಕಿ, ನೀರು, ಉಪ್ಪು ಹಾಕಿ ಬೇಯಿಸುವುದು. ಇಳಿಸಿ ಲಿಂಬೆ ಹಿಂಡುವುದು. ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸದಲ್ಲಿ ಅಲ್ಲಿನ ಕ್ರೈಸ್ತರು ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ಆಗ ಇಂಥ ಅಡುಗೆಗೇ ಮರ್ಯಾದೆ.

ಅಂಕೋಲೆಯ ಮಗ್ಗುಲಿನ ನಮ್ಮ ಬೊಬ್ರುವಾಡದಲ್ಲಿ ನಾನು ಇದನ್ನು ತೆಂಗಿನೆಣ್ಣೆಯಲ್ಲಿ ಮಾಡಿದೆ. ಪಾಲಕದ ಬದಲು ಹರಿವೆ, ಒಂದು ಲೋಟ ಅಕ್ಕಿಗೆ ಎರಡು ಕಟ್ಟು. (ಬಸಳೆ ಬೇಡ, ಲೋಳೆಯಾಗುತ್ತದೆ.) ತಿಂದ ಆಯಿ ಹೇಳಿದ್ದು ಒಂದೇ ಮಾತು: “ಇದು ನಮ್ದೇ ಅಲ್ವೇನೋ, ಒಗ್ಗರಣೆ ಒಂದಿಲ್ಲ!” :)

ಚರಿತ್ರೆ ನೋಡಿದರೆ ಆಯಿಯ ಮಾತು ಮುಕ್ಕಾಲು ಪಾಲು ನಿಜ. ಅಲೆಕ್ಸಾಂಡರನ ದಂಡಯಾತ್ರೆಯ ನಂತರ, ಕ್ರಿ.ಪೂ. 300ರ ಸುಮಾರಿಗೆ, ಅರಿಸ್ಟಾಟಲನ ಶಿಷ್ಯ ಥಿಯೊಫ್ರಾಸ್ಟಸ್ ತನ್ನ ಸಸ್ಯಗ್ರಂಥದಲ್ಲಿ ಭಾರತೀಯರು ಬಿತ್ತಿ ಬೇಯಿಸಿ ಉಣ್ಣುವ ‘ಒರಿಜೋನ್’ ಎಂಬ ಧಾನ್ಯದ ಬಗ್ಗೆ ಬರೆದ. ಈ ಹೆಸರು ಸಂಸ್ಕೃತದ ವ್ರೀಹಿಯ ನೆಂಟ ಎನ್ನುವವರಿದ್ದಾರೆ, ತಮಿಳಿನ ಅರಿಸಿಯದು ಎನ್ನುವವರೂ ಇದ್ದಾರೆ. ಆ ಕಾಲದ ಗ್ರೀಕರಿಗೆ ಅಕ್ಕಿ ದಿನದ ಊಟವಲ್ಲ, ಹೊಟ್ಟೆ ಕೆಟ್ಟಾಗಿನ ಪಥ್ಯ. ಪಾಲಕವೂ ಅವರದಲ್ಲ; ಪರ್ಷಿಯಾದ್ದು, ಮಧ್ಯಯುಗದಲ್ಲಿ ಅತ್ತ ಹೋಯಿತು. ಲಿಂಬೆ ಕೂಡ ಏಷ್ಯಾದ್ದೇ. ಇನ್ನು ಅವರ ಪಾಲಿಗೆ ಉಳಿದದ್ದು ಆಲಿವ್ ಎಣ್ಣೆ ಮತ್ತು ಉಪವಾಸ!

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. 1949ರಲ್ಲಿ ಗ್ರೀಸಿನ ಆಂಥಿಲಿ ಎಂಬ ಹಳ್ಳಿಯ ಉಪ್ಪು-ಕ್ಷಾರದ ಬಂಜರಿನಲ್ಲಿ ವಾಲ್ಟರ್ ಪ್ಯಾಕರ್ಡ್ ಎಂಬ ಅಮೆರಿಕದ ತಜ್ಞ ಹೊಳೆನೀರು ನಿಲ್ಲಿಸಿ ಭತ್ತ ಬೆಳೆಸಿದ. ಹಳ್ಳಿಯವರು ಸಂತೋಷಕ್ಕೆ ಆತನ ಅಮೃತಶಿಲೆಯ ಪ್ರತಿಮೆಯನ್ನೇ ನಿಲ್ಲಿಸಿದರು.

ಉಪ್ಪುನೆಲದಲ್ಲಿ ಭತ್ತ! ನಮಗೆ ಇದು ಹೊಸದೇ? ನಮ್ಮ ಪಕ್ಕದ ಕುಮಟೆಯ ಮಾಣಿಕಟ್ಟಾ ಕಡೆ, ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ‘ಕಗ್ಗ’ ಅನ್ನುವ ಭತ್ತ ತಲೆಮಾರುಗಳಿಂದ ಇದೆ. ಮಳೆಗಾಲದ ನೀರು ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಎರಚುತ್ತಾರೆ. ನೆರೆಯಲ್ಲಿ ಮುಳುಗಿದರೂ ತಡೆಯುತ್ತದೆ, ಉಪ್ಪುನೀರು ನುಗ್ಗಿದರೂ ತಾಳುತ್ತದೆ. ಗೊಬ್ಬರ ಕೇಳುವುದಿಲ್ಲ. ಕೆಂಪಕ್ಕಿ, ಗಂಜಿಗೆ ಬಲು ರುಚಿ. ಇದಕ್ಕೆ ಯಾರೂ ಪ್ರತಿಮೆ ನಿಲ್ಲಿಸಲಿಲ್ಲ. ಕಟ್ಟೆ ಒಡೆದು, ಸಿಗಡಿ ಕೃಷಿ ಬಂದು, ದುಡಿಯುವ ಕೈ ಕಡಿಮೆಯಾಗಿ ಕಗ್ಗದ ಗದ್ದೆ ಕುಗ್ಗಿಹೋಗಿದೆ. ಸಮುದ್ರ ಏರುತ್ತಿರುವ ಈ ಕಾಲದಲ್ಲಿ ನಮಗೆ ಬೇಕಾದದ್ದು ಇಂಥ ಬೀಜವೇ ಅಲ್ಲವೇ?

ಊರು ಬಿಟ್ಟುಹೋದ ಅಕ್ಕಿಗೆ ಗ್ರೀಸಿನಲ್ಲಿ ಹಬ್ಬದ ಮುಂಚಿನ ಮರ್ಯಾದೆ. ಊರಲ್ಲೇ ಉಳಿದ ಅಕ್ಕಿಗೆ ಬಡವರ ಗಂಜಿಯ ಹೆಸರು. ಈ ಹೆಸರೇ ಅದನ್ನು ಅರ್ಧ ಕೊಂದಿತು ಅನ್ನಿಸುತ್ತದೆ ನನಗೆ.

ಕಗ್ಗದ ಅಕ್ಕಿ ಸಿಕ್ಕರೆ ಒಮ್ಮೆ ಈ ಸೊಪ್ಪನ್ನ ಮಾಡಿ ನೋಡಿ. ನೀರು ಹೆಚ್ಚು ಬೇಕು, ಬೇಯುವುದೂ ನಿಧಾನ. ನಿಮ್ಮೂರಿನ ಇಂಥ ಭತ್ತದ ಹೆಸರು ನೆನಪಿದ್ದರೆ, ದಯವಿಟ್ಟು ಎಲ್ಲಾದರೂ ಬರೆದಿಡಿ.