ಬೆಂಗಳೂರು ಕೋಟೆಯ ಅರಮನೆ: ದರ್ಬಾರು, ಕಚೇರಿ, ಸ್ಮಾರಕ

ರಾಜ್ಯಗಳು ಅಳಿದ ಮೇಲೆ ಅವುಗಳ ಆಳಿಕೆಯ ನೆಲೆಗಳಾಗಿದ್ದ ಕಟ್ಟಡಗಳಲ್ಲಿ ಕೆಲವು ಉಳಿಯುತ್ತವೆ, ಹೆಚ್ಚಿನವು ಮಣ್ಣುಗೂಡುತ್ತವೆ. ಉಳಿದವು ಏಕೆ ಉಳಿದವು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ, ಜನರ ಗೌರವ ಎಂಬುದು. ಬೆಂಗಳೂರು ಕೋಟೆಯ ಅರಮನೆಯ ಇತಿಹಾಸವು ಈ ಉತ್ತರವನ್ನು ಒಪ್ಪುವುದಿಲ್ಲ. ಆ ಇತಿಹಾಸದ ಅರ್ಧ ಭಾಗವು ಬೆಂಗಳೂರಿನಲ್ಲಿರದೆ ಮದರಾಸಿನಲ್ಲಿರುವುದರಿಂದ, ಇಲ್ಲಿ ನೆಲಸಿರುವ ಕನ್ನಡಿಗರಿಗೆ ಅದು ಹೊರಗಿನ ವಿಷಯವೂ ಅಲ್ಲ. ಕೀಲ್ಪಾಕಿನ ಅಂಚಿನಲ್ಲಿ ಪಶ್ಚಿಮಕ್ಕೆ ಸಾಗುವ ಪೂನಮಲ್ಲಿ ಹೆದ್ದಾರಿಯು ಮೈಸೂರು ಸೀಮೆಯ ದಿಕ್ಕಿನ ಹಳೆಯ ದಾರಿ. 1791ರ ಸಮರದ ಸಿದ್ಧತೆಯೆಲ್ಲ ನಡೆದದ್ದು ಈ ನಗರದ ಸುತ್ತಮುತ್ತ.

ಕೋಟೆಯ ಪೂರ್ವಕಥೆ ಪ್ರಸಿದ್ಧವಾದದ್ದೇ. 1537ರಲ್ಲಿ ಕೆಂಪೇಗೌಡನು ನೆಲೆಗೊಳಿಸಿದ ಪೇಟೆಯೂ ಮಣ್ಣಿನ ಕೋಟೆಯೂ ಬಿಜಾಪುರದವರ, ಮರಾಠರ, ಮೊಗಲರ ಕೈದಾಟಿ, ಹದಿನೇಳನೆಯ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರ ವಶವಾದವು. 1761ರಲ್ಲಿ ಹೈದರಾಲಿಯು ಪೇಟೆಯ ದಕ್ಷಿಣದ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿದನು. 1781ರಲ್ಲಿ ಅದರೊಳಗೆ ಅರಮನೆಯೊಂದನ್ನು ಆರಂಭಿಸಿ, ಮರುವರ್ಷ ತೀರಿಕೊಂಡನು. ಕಟ್ಟಡವನ್ನು ಮುಗಿಸಿದವನು ಟೀಪು ಸುಲ್ತಾನ್, 1791ರಲ್ಲಿ. ಸ್ವರ್ಗವೇ ಅಸೂಯೆಪಡುವ ಮನೆ ಎಂಬರ್ಥದ ಪಾರಸಿ ಬಿರುದು ಅದಕ್ಕಿದೆ. ಅರಮನೆ ಮುಗಿದ ವರ್ಷವೇ ಕೋಟೆ ಬಿದ್ದ ವರ್ಷವೂ ಆಯಿತು.

ಈ ಅರಮನೆ ಕೇವಲ ವಾಸಕ್ಕೆಂದು ಕಟ್ಟಿದ್ದಲ್ಲವೆಂಬುದು ಗಮನಾರ್ಹ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು, ಮಣ್ಣಿನ ಗೋಡೆಯ ಕಟ್ಟಡವಾದರೂ ಇದಕ್ಕೊಂದು ಗಾಂಭೀರ್ಯವಿದೆಯೆಂದು ಬರೆದು, ಮೇಲಂತಸ್ತಿನ ಸಭಾಂಗಣಗಳನ್ನೂ ಅವುಗಳಲ್ಲಿ ದೊರೆಯು ಕುಳಿತುಕೊಳ್ಳುವ ಉಪ್ಪರಿಗೆಗಳನ್ನೂ, ಪ್ರತಿಯೊಂದು ಉಪ್ಪರಿಗೆಗೆ ಎದುರಾಗಿರುವ ಕಚೇರಿಯನ್ನೂ ವಿವರಿಸಿದ್ದಾನೆ. ಮರದ ಕಂಬಗಳ ಸಾಲು, ಕಲ್ಲಿನ ಪೀಠಗಳು, ಬಣ್ಣದ ಹೂಬಳ್ಳಿಗಳು ಇವೆಲ್ಲ ಅಲಂಕಾರ. ಕಟ್ಟಡದ ವಿನ್ಯಾಸದ ಮೂಲಸೂತ್ರ ಮಾತ್ರ, ಮೇಲೆ ಅರಸು, ಎದುರಿಗೆ ಅಹವಾಲು. ಎಂದರೆ ಇದು ಹುಟ್ಟಿನಿಂದಲೇ ರಾಜ್ಯಭಾರದ ಕಟ್ಟಡ.

1791ರ ಫೆಬ್ರವರಿಯಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸನು ಸ್ವತಃ ದಂಡಿನ ಮುಂದಾಳಾಗಿ ಮದರಾಸಿನ ಕಡೆಯಿಂದ ಹೊರಟು, ಘಟ್ಟವನ್ನೇರಿ, ಕೋಲಾರದ ಮಾರ್ಗವಾಗಿ ಮಾರ್ಚ್ ಮೊದಲ ವಾರದಲ್ಲಿ ಬೆಂಗಳೂರನ್ನು ಮುಟ್ಟಿದನು. 7ರಂದು ಪೇಟೆ ಬಿತ್ತು. ಆ ಕಾಳಗದಲ್ಲಿ ಮದರಾಸು ಫಿರಂಗಿ ದಳದ ಕರ್ನಲ್ ಮೂರ್‌ಹೌಸ್ ಮಡಿದನು. ಅನಂತರ ಎರಡು ವಾರಗಳ ಕಾಲ ಫಿರಂಗಿಗಳು ಕೋಟೆಯ ಗೋಡೆಯನ್ನು ಕೊರೆದವು. 21ರ ರಾತ್ರಿ, ಬಿರುಕುಬಿಟ್ಟ ಕಡೆಯಿಂದ ಲಗ್ಗೆ ನಡೆಯಿತು. ಕಿಲ್ಲೇದಾರ ಬಹದ್ದೂರ್ ಖಾನನು ಹಿಂಜರಿಯದೆ ಹೋರಾಡುತ್ತ ಅಲ್ಲಿಯೇ ಬಿದ್ದನು. ಅವನೊಡನೆ ದೊಡ್ಡ ಸಂಖ್ಯೆಯ ಕಾವಲಿನವರೂ ಮಡಿದರು. ಟೀಪುವು ಆ ರಾತ್ರಿ ಕೋಟೆಯೊಳಗಿರಲಿಲ್ಲ. ತನ್ನ ಸೈನ್ಯದೊಡನೆ ಸಮೀಪದಲ್ಲಿದ್ದರೂ ಸಕಾಲಕ್ಕೆ ನೆರವು ಮುಟ್ಟಲಿಲ್ಲ. ನೆರೆಯ ಕೋಟೆ ವೆಂಕಟರಮಣಸ್ವಾಮಿ ದೇವಾಲಯದ ಮುಂದಿನ ಕಂಬವು ಗುಂಡೇಟನ್ನು ತಾನು ತಾಳಿಕೊಂಡು ಸುಲ್ತಾನನ ಪ್ರಾಣವನ್ನುಳಿಸಿತೆಂಬ ಐತಿಹ್ಯವನ್ನು ಈ ಸಂಗತಿಯ ಬೆಳಕಿನಲ್ಲಿ ನೋಡಬೇಕು. ಆದರೆ ದೇವರ ಕಂಬವೂ ದೊರೆಯ ಅರಮನೆಯೂ ಒಂದೇ ಅಪಾಯಕ್ಕೆ ಪಕ್ಕಪಕ್ಕದಲ್ಲಿ ನಿಂತಿದ್ದುವೆಂದು ಊರಿನ ಜನ ನೆನೆದದ್ದು ತನ್ನಷ್ಟಕ್ಕೆ ಅರ್ಥವುಳ್ಳದ್ದು.

1792ರ ಶ್ರೀರಂಗಪಟ್ಟಣದ ಕೌಲಿನಿಂದ ಬೆಂಗಳೂರು ಟೀಪುವಿಗೆ ಹಿಂತಿರುಗಿತು. ಶತ್ರುವಿನ ಮುಂದೆ ನಿಲ್ಲಲಾರದ ಕೋಟೆಯಿಂದ ಪ್ರಯೋಜನವಿಲ್ಲವೆಂದು ಅವನು ಅದನ್ನು ತಾನೇ ಕೆಡವಿಸಿದನು. 1799ರ ಅನಂತರ ದಿವಾನ್ ಪೂರ್ಣಯ್ಯನವರು ಅದನ್ನು ದುರಸ್ತಿಗೊಳಿಸಿದರು. ಹೀಗೆ ಒಂದೇ ಕೋಟೆಯನ್ನು ಹತ್ತು ವರ್ಷಗಳೊಳಗೆ ಹಗೆಯು ಒಡೆದನು, ಒಡೆಯನು ಕೆಡವಿದನು, ಮಂತ್ರಿಯು ಮತ್ತೆ ಕಟ್ಟಿಸಿದನು. ಅರಮನೆ ಮಾತ್ರ ಈ ಮೂವರ ಕೈಯಿಂದಲೂ ಪಾರಾಯಿತು.

ಶ್ರೀರಂಗಪಟ್ಟಣದ ಅರಮನೆಗೆ ಆ ಭಾಗ್ಯವಿರಲಿಲ್ಲ. ರಾಜಧಾನಿ ಮೈಸೂರಿಗೆ ಹೋದ ಮೇಲೆ ಅಲ್ಲಿಯ ಕಟ್ಟಡಗಳಿಗೆ ಕೆಲಸವಿಲ್ಲದಾಯಿತು. ಮದರಾಸಿನ ಗವರ್ನರ್ ಲಷಿಂಗ್ಟನ್ನನ ಕಾಲದಲ್ಲಿ, 1830ರ ಸುಮಾರಿಗೆ, ಉದಕಮಂಡಲದ ಸಂತ ಸ್ಟೀಫನ್ನನ ಚರ್ಚನ್ನು ಕಟ್ಟುವಾಗ ಟೀಪುವಿನ ಅರಮನೆಯ ತೊಲೆಗಳನ್ನು ನೀಲಗಿರಿಗೆ ಸಾಗಿಸಲಾಯಿತು. ಲಾಲ್ ಮಹಲಿನ ಜಾಗದಲ್ಲಿ ಇಂದು ಕಾಣುವುದು ತಳಪಾಯದ ಕುರುಹುಗಳು ಮಾತ್ರ.

ಬೆಂಗಳೂರಿನ ಅರಮನೆಯನ್ನು ಉಳಿಸಿದ್ದು ಮುಂದಿನ ವರ್ಷದ ಒಂದು ರಾಜಕೀಯ ಘಟನೆ. 1831ರಲ್ಲಿ, ನಗರದ ದಂಗೆಯ ಹಿನ್ನೆಲೆಯಲ್ಲಿ, ಬೆಂಟಿಂಕನು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ರಾಜ್ಯಾಧಿಕಾರವನ್ನು ತೆಗೆದು ಕಮಿಷನರುಗಳಿಗೆ ವಹಿಸಿದನು. ಹೊಸ ಸರ್ಕಾರದ ನೆಲೆ ಬೆಂಗಳೂರಾಯಿತು. ಅದರ ಕಚೇರಿಗಳು ಸೇರಿದ್ದು ಟೀಪುವಿನ ಅರಮನೆಯನ್ನು. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಮದರಾಸು ಸೈನ್ಯದಿಂದ ಬಂದವನು. ಬೆಂಗಳೂರು, ಅಷ್ಟಗ್ರಾಮ, ಚಿತ್ರದುರ್ಗ, ನಗರ ಎಂಬ ನಾಲ್ಕು ವಿಭಾಗಗಳ ಆಡಳಿತದ ಎಳೆಗಳೆಲ್ಲ ಇಲ್ಲಿ ಕೂಡುತ್ತಿದ್ದವು. ದೊರೆಯ ಉಪ್ಪರಿಗೆಯ ಕೆಳಗೆ ಗುಮಾಸ್ತರು ಕಡತ ಬಿಚ್ಚಿದರು. ಅರಸು ಬದಲಾಗಿದ್ದರೂ ಅಹವಾಲು ಬರುವ ಬಾಗಿಲು ಅದೇ ಆಗಿತ್ತು. 1864ರಲ್ಲಿ ಜೋಲಾರಪೇಟೆಯ ಮೂಲಕ ಮದರಾಸಿನ ರೈಲು ಬೆಂಗಳೂರನ್ನು ಮುಟ್ಟಿತು. ಅದೇ ವರ್ಷ, ಬೌರಿಂಗನ ಆಡಳಿತದಲ್ಲಿ, ಹೊಸ ಕಚೇರಿಯ ಕಟ್ಟಡ ಮೊದಲಾಯಿತು. 1868ರಲ್ಲಿ ಅದು ಮುಗಿದು ಇಲಾಖೆಗಳು ಅಲ್ಲಿಗೆ ಹೋದವು. ಆ ಕಟ್ಟಡವೇ ಇಂದು ಉಚ್ಚ ನ್ಯಾಯಾಲಯವಿರುವ ಅಠಾರಾ ಕಚೇರಿ. ಹೆಸರು ಮಾತ್ರ ಹೊಸದಲ್ಲ: ಚಿಕ್ಕದೇವರಾಜರ ಹದಿನೆಂಟು ಇಲಾಖೆಗಳ ವ್ಯವಸ್ಥೆಯ ನೆನಪು ಅದರಲ್ಲಿದೆ.

ಆದ್ದರಿಂದ 1831ರಿಂದ 1868ರವರೆಗಿನ ಮೂವತ್ತೇಳು ವರ್ಷಗಳ ಬಳಕೆಯೇ ಈ ಕಟ್ಟಡವನ್ನು ಕಾಪಾಡಿತೆಂದು ಹೇಳಬಹುದು. ತೊಲೆ ಕಳಚಿ ಮಾರುವವರ ಕಾಲದಲ್ಲಿ ಅದಕ್ಕೆ ಕೆಲಸವಿತ್ತು. ಕೋಟೆಗೆ ಅಂತಹ ಕೆಲಸವಿರಲಿಲ್ಲ. ಯುದ್ಧವು ಗೋಡೆಯಲ್ಲಿ ಒಂದು ಬಿರುಕನ್ನು ಮಾಡಿತು. ಶಾಂತಿಯ ಕಾಲವು ಗೋಡೆಯನ್ನೇ ತಿಂದಿತು. ರಸ್ತೆ, ಮಾರುಕಟ್ಟೆ, ಆಸ್ಪತ್ರೆ, ಕಾಲೇಜುಗಳಿಗೆ ಎಡೆಮಾಡುತ್ತ ಕೋಟೆ ಕರಗಿ, ಈಗ ದೆಹಲಿ ಬಾಗಿಲು ಮತ್ತು ಅದರ ಆಸುಪಾಸಿನ ತುಂಡು ಮಾತ್ರ ಉಳಿದಿದೆ. ಅದೂ ಅರಮನೆಯೂ ಭಾರತ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಆದರೆ ಎರಡರ ನಡುವೆ ವಾಹನಗಳ ಹೆದ್ದಾರಿಯಿರುವುದರಿಂದ, ಇವು ಒಂದೇ ದೇಹದ ಎರಡು ಅಂಗಗಳೆಂದು ನೋಡುವವನಿಗೆ ತೋರುವುದಿಲ್ಲ.

ರಕ್ಷಣೆಯೆಂಬುದು ಕಲ್ಲುಮರಗಳ ರಕ್ಷಣೆಯಷ್ಟೇ ಅಲ್ಲ. ಯಾರ ನೆನಪನ್ನು ರಕ್ಷಿಸಲಾಗುತ್ತಿದೆಯೆಂಬ ಪ್ರಶ್ನೆಯೂ ಅದರಲ್ಲಿದೆ. ಕೋಟೆಯ ಗೋಡೆಯ ಇಂಗ್ಲಿಷ್ ಫಲಕವು ಬ್ರಿಟಿಷರ ಲಗ್ಗೆ ನಡೆದ ಸ್ಥಳವನ್ನೂ ದಿನವನ್ನೂ ಹೇಳುತ್ತದೆ. ಒಳಗೆ ನಿಂತು ಕಾದ ಬಹದ್ದೂರ್ ಖಾನನ ಹೆಸರನ್ನು ಹೇಳುವುದಿಲ್ಲ. ಆ ಯುದ್ಧದಲ್ಲಿ ಮಡಿದ ಬ್ರಿಟಿಷರ ಸ್ಮಾರಕಸ್ತಂಭವೊಂದು ನಗರದಲ್ಲಿತ್ತು. 1964ರಲ್ಲಿ ಅದನ್ನು ಕೆಡವಲಾಯಿತು. ಕೆಡವುವುದರಿಂದ ಆ ಮೌನವೇನೂ ತುಂಬಲಿಲ್ಲ; ಎರಡು ಕಡೆಯ ಸತ್ತವರೂ ಹೆಸರಿಲ್ಲದವರಾದರು.

ಗೆದ್ದವರ ನೆನಪು ಮದರಾಸಿನಲ್ಲಿ ಚೆನ್ನಾಗಿಯೇ ಉಳಿದಿದೆ. ಸಂತ ಜಾರ್ಜ್ ಕೋಟೆಯ ವಸ್ತುಸಂಗ್ರಹಾಲಯದಲ್ಲಿರುವ ಕಾರ್ನ್‌ವಾಲಿಸನ ಪ್ರತಿಮೆಯ ಪೀಠದಲ್ಲಿ, ಟೀಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಒಪ್ಪಿಸುವ ದೃಶ್ಯವನ್ನು ಕೆತ್ತಲಾಗಿದೆ. ಆ ಮಕ್ಕಳು 1794ರವರೆಗೆ ಇದೇ ನಗರದಲ್ಲಿದ್ದರು. ಇಂದು ರಾಜಾಜಿ ಮಂದಿರವೆನಿಸಿರುವ ಔತಣಮಂದಿರವನ್ನು ಎರಡನೆಯ ಕ್ಲೈವನು ಕಟ್ಟಿಸಿದ್ದು ಪ್ಲಾಸಿ ಮತ್ತು ಶ್ರೀರಂಗಪಟ್ಟಣಗಳ ವಿಜಯಗಳ ಸ್ಮರಣೆಗಾಗಿ. ಚೆನ್ನೈಯಲ್ಲಿ ಈ ಎರಡನ್ನು ನೋಡಿದವನಿಗೆ ಬೆಂಗಳೂರಿನ ಫಲಕದಲ್ಲಿ ಬಿಟ್ಟುಹೋದದ್ದೇನೆಂಬುದು ತಾನಾಗಿ ತಿಳಿಯುತ್ತದೆ.

ಬೆಂಗಳೂರು ಕೋಟೆಯ ಅರಮನೆಯನ್ನು ಟೀಪುವಿನ ಬೇಸಗೆಯ ಬಿಡಾರವೆಂದು ಮಾತ್ರ ತೋರಿಸುವುದು ಅದರ ಚರಿತ್ರೆಯ ಹೆಚ್ಚಿನ ಪಾಲನ್ನು ಮುಚ್ಚಿಟ್ಟಂತೆ. ಹೈದರನ ಆರಂಭ, ಮಗನ ದರ್ಬಾರು, 1791ರ ರಾತ್ರಿ, ಕಬ್ಬನ್ನನ ಕಡತಗಳು, ಈ ನಾಲ್ಕೂ ಸೇರಿದಾಗಲೇ ಅದು ಮೈಸೂರು ರಾಜ್ಯದ ಆಡಳಿತ ಚರಿತ್ರೆಯ ದಾಖಲೆಯಾಗುವುದು. ಅರಮನೆಯಿಂದ ದೆಹಲಿ ಬಾಗಿಲಿನವರೆಗೆ ಕೋಟೆಯ ಹಳೆಯ ಎಲ್ಲೆಯನ್ನು ಗುರುತಿಸಿ, ಬಿರುಕಿನ ಬಳಿ ಕಾದವರ ಮಾತನ್ನೂ ಕನ್ನಡದಲ್ಲಿ ಬರೆಸುವುದು ಹೆಚ್ಚಿನ ವೆಚ್ಚದ ಕೆಲಸವಲ್ಲ. ಕಟ್ಟಡವನ್ನು ಬಳಕೆಯು ಉಳಿಸಿಕೊಟ್ಟಿದೆ; ಅದರ ಅರ್ಥವನ್ನು ಉಳಿಸಬೇಕಾದುದು ವಿದ್ವತ್ತಿನ ಹೊಣೆ.